ಕಣ್ಣಿನ ಟೆಸ್ಟ್ ನಾರ್ಮಲ್, ಆದ್ರೆ ಓದೋಕೆ ಆಗ್ತಿಲ್ಲ

ತಲೆಗೆ ಪೆಟ್ಟು ಬಿದ್ದು ನಾಲ್ಕು ತಿಂಗಳಾಯ್ತು, ಕಣ್ಣಿನ ಡಾಕ್ಟರು ಎಲ್ಲ ಸರಿ ಇದೆ ಅಂತಾರೆ, ಓದೋಕೆ ಕೂತ್ರೆ ಮಾತ್ರ ಸಾಲುಗಳು ಒಂದರ ಮೇಲೊಂದು ಹತ್ತಿಕೊಳ್ತವೆ, ಮನೇವ್ರು ನಂಬ್ತಿಲ್ಲ ಅಂತ ಬರ್ದಿದೀರ. ಇದು ನಿಮ್ಮ ಭ್ರಮೆ ಅಲ್ಲ. ನಂಗೂ 6/6, ಅಂದ್ರೆ ನೋಟ ಪೂರ್ತಿ ಸರಿ ಇದೆ ಅಂತ ಬರ್ದು ಕಳ್ಸಿದ್ರು.

ಚಾರ್ಟ್ ಓದಿಸೋವಾಗ ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ಓದಿಸ್ತಾರಲ್ವಾ, ಅದ್ರಲ್ಲಿ ಒಂದೊಂದು ಕಣ್ಣು ಎಷ್ಟು ಸ್ಪಷ್ಟ ಅಂತ ತಿಳಿಯತ್ತೆ ಅಷ್ಟೇ, ಎರಡೂ ಒಂದೇ ಕಡೆ ನೋಡ್ತಿವೆಯಾ ಅನ್ನೋದು ಅದ್ರಲ್ಲಿ ಸಿಗಲ್ಲ. ಪ್ರತಿ ಕಣ್ಣನ್ನ ತಿರುಗಿಸೋಕೆ 6 ಸ್ನಾಯು, ಅವನ್ನ ನಡೆಸೋಕೆ ಮೆದುಳಿಂದ 3 ನರ. ನಂದು ಆ ಮೂರರಲ್ಲಿ ಒಂದಾದ ನಾಲ್ಕನೇ ಕ್ರೇನಿಯಲ್ ನರಕ್ಕೆ (ಮೆದುಳಿಂದ ನೇರ ಹೊರಡೋ ನರಗಳಲ್ಲಿ ನಾಲ್ಕನೇದು) ಏಟಾಗಿತ್ತು, ತುಂಬ ತೆಳ್ಳಗಿನ ನರ ಅದು, ತಲೆಬುರುಡೆ ಒಳಗೇ ಉದ್ದಕ್ಕೆ ಸುತ್ತಿಕೊಂಡು ಬರೋದ್ರಿಂದ ಪೆಟ್ಟಿಗೆ ಸುಲಭವಾಗಿ ಸಿಕ್ಕಿಬಿಡತ್ತೆ. ಕೆಳಗೆ ನೋಡಿದಾಗ್ಲೇ ಕಷ್ಟ ಜಾಸ್ತಿ. ಮೆಟ್ಟಿಲಿಳಿಯೋವಾಗ ಪ್ರತಿ ಮೆಟ್ಟಿಲಿಗೂ ಎರಡೆರಡು ಅಂಚು ಕಾಣೋದು, ಯಾವುದು ನಿಜ ಅಂತ ಪಾದದಲ್ಲಿ ತಡವಿ ತಡವಿ ಇಳೀತಿದ್ದೆ, ಓದುವಾಗ ನಂಗೇ ಗೊತ್ತಿಲ್ದೆ ತಲೆ ಒಂದು ಭುಜದ ಕಡೆ ವಾಲಿರೋದು.

ನೀವೀಗ ಒಂದು ಕಣ್ಣು ಮುಚ್ಚಿ ಓದಿ ನೋಡಿ. ಎರಡೆರಡು ಕಾಣೋದು ನಿಂತ್ರೆ ತೊಂದ್ರೆ ಇರೋದು ಎರಡು ಕಣ್ಣಿನ ಹೊಂದಾಣಿಕೇಲಿ. ನ್ಯೂರೋ ಆಫ್ತಲ್ಮಾಲಜಿಸ್ಟ್ (ಕಣ್ಣು-ಮೆದುಳಿನ ನಡುವಿನ ತೊಂದ್ರೆ ನೋಡೋ ಡಾಕ್ಟರು) ಹತ್ರ ಹೋಗಿ, ಎರಡೂ ಕಣ್ಣು ಒಟ್ಟಿಗೆ ಹೇಗೆ ಕೆಲಸ ಮಾಡ್ತಿವೆ ನೋಡಿ, ದೃಷ್ಟಿಯ ಅಗಲಾನೂ ಅಳೀರಿ ಅಂತ ಬಾಯ್ಬಿಟ್ಟು ಕೇಳಿ, ಯಾಕಂದ್ರೆ ಕೆಲವರಿಗೆ ಒಂದು ಪಕ್ಕದ ನೋಟಾನೇ ಹೋಗಿರತ್ತೆ, ಇನ್ನು ಕೆಲವರಿಗೆ ಹತ್ತಿರದ್ದನ್ನ ನೋಡೋವಾಗ ಕಣ್ಣು ಒಳಕ್ಕೆ ಕೂಡ್ಕೊಳಲ್ಲ, ಒಂದೊಂದಕ್ಕೂ ದಾರಿ ಬೇರೆ.

ನಂಗೆ ಕನ್ನಡಕದ ಮೇಲೆ ಅಂಟಿಸೋ ಪ್ರಿಸಂ ಹಾಳೆ ಕೊಟ್ರು, ಬೆಳಕನ್ನ ಬಾಗಿಸಿ ಎರಡು ಚಿತ್ರನ ಒಂದೇ ಕಡೆ ತರೋ ತೆಳು ಹಾಳೆ ಅದು. ಸ್ವಲ್ಪ ಮಸುಕು ಮಾಡತ್ತೆ ನಿಜ, ಆದ್ರೆ ಎರಡು ಸಾಲು ಮೆಲ್ಲಗೆ ಸರಿದು ಒಂದಾದಾಗ ಅಳು ಬಂದ್ಬಿಡ್ತು. ಆಪರೇಷನ್‌ಗೆ ಅವಸರ ಬೇಡ, ನರ ತಾನೇ ಚೇತರಿಸ್ಕೊಳ್ಬಹುದು ಅಂತ ಸಾಮಾನ್ಯವಾಗಿ 6 ತಿಂಗಳಾದ್ರೂ ಕಾಯ್ತಾರೆ. ಅಲ್ಲೀವರೆಗೆ ಕಪ್ಪು ರಟ್ಟಿನಲ್ಲಿ ಒಂದು ಸಾಲಿನಷ್ಟು ಸೀಳು ಮಾಡ್ಕೊಂಡು ಅದ್ರೊಳಗಿಂದ ಓದಿ, ಸುಸ್ತಾಗೋಕೆ ಮುಂಚೆನೇ ನಿಲ್ಸಿ, ಮೊಬೈಲ್ ಸ್ಕ್ರೋಲ್ ಮಾಡೋದು ಕಮ್ಮಿ ಮಾಡಿ. ಬೆಳಕು ಚುಚ್ಚತ್ತೆ ಅಂತ ಮನೆಯೊಳಗೂ ಇಡೀ ದಿನ ಕೂಲಿಂಗ್ ಗ್ಲಾಸ್ ಹಾಕ್ಬೇಡಿ, ಕಣ್ಣು ಕತ್ತಲಿಗೇ ಒಗ್ಗಿ ಬೆಳಕು ಇನ್ನೂ ಚುಚ್ಚೋಕೆ ಶುರುವಾಗತ್ತೆ. ಎರಡೆರಡು ಕಾಣ್ತಿರೋವಾಗ ಗಾಡಿ ಮುಟ್ಲೇಬೇಡಿ. ಇದ್ದಕ್ಕಿದ್ದಂಗೆ ತಲೆನೋವು ಜೋರಾಗಿ ವಾಂತಿ ಬಂದ್ರೆ, ಒಂದು ಕಣ್ಣಿನ ಪಾಪೆ ದೊಡ್ಡದಾಗಿ ಕಂಡ್ರೆ ತಕ್ಷಣ ಎಮರ್ಜೆನ್ಸಿಗೆ ಹೋಗಿ.

ಮನೇವ್ರ ವಿಷ್ಯ. ಟೆಸ್ಟಿಗೆ ಅವರನ್ನೂ ಜೊತೇಲಿ ಕರ್ಕೊಂಡು ಹೋಗಿ. ಡಾಕ್ಟರು ನನ್ನ ಒಂದು ಕಣ್ಣಿಗೆ ಅಡ್ಡ ಹಿಡಿದ ಕೂಡ್ಲೇ ಇನ್ನೊಂದು ಕಣ್ಣು ಕೆಳಕ್ಕೆ ಜರುಗೋದನ್ನ ನಮ್ಮಣ್ಣ ಪಕ್ಕದಲ್ಲಿ ನಿಂತು ನೋಡ್ದ. ಅವತ್ತಿಂದ ಮೆಟ್ಟಿಲು ಬಂದ್ರೆ ಏನೂ ಕೇಳ್ದೆ ಕೈ ಚಾಚ್ತಾನೆ.