ಸ್ಕಿಮ್ಮರ್ ನೊರೆ ಕಟ್ಟುತ್ತಿಲ್ಲವೇ? ಮೊದಲು ಗಾಳಿಯ ದಾರಿ ನೋಡಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಉಪ್ಪುನೀರಿನ ಅಕ್ವೇರಿಯಂನ ಪ್ರೊಟೀನ್ ಸ್ಕಿಮ್ಮರ್, ಅಂದರೆ ಗಾಳಿಗುಳ್ಳೆಗಳಿಂದ ನೀರಿನ ಕೊಳೆಯನ್ನು ನೊರೆಯಾಗಿ ಎತ್ತಿ ಕಪ್ಪಿಗೆ ತುಂಬುವ ಸಾಧನದ ಬಗ್ಗೆಯೇ ಇದ್ದವು. ಹಾಗಾಗಿ ಅಂಕಣ ಪೂರ್ತಿ ಅದಕ್ಕೇ ಇಟ್ಟಿದ್ದೇನೆ.

ಪ್ರಶ್ನೆ: ಸರ್, ನನ್ನ ಹವಳದ ಟ್ಯಾಂಕಿನಲ್ಲಿ ಒಂದೂವರೆ ವರ್ಷದಿಂದ ನೀಡಲ್ ವೀಲ್ (ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಒಡೆಯುವ, ಕಡ್ಡಿಗಳಿರುವ ಚಕ್ರ) ಸ್ಕಿಮ್ಮರ್ ಇದೆ. ಮೊದಲು ಎರಡು ದಿನಕ್ಕೊಮ್ಮೆ ಕಪ್ ತುಂಬುತ್ತಿತ್ತು. ಈಗ ವಾರ ಕಳೆದರೂ ತಳದಲ್ಲಿ ಒಂಚೂರು ನೀರು ಅಷ್ಟೆ. ಪಂಪಿನೊಳಗೆ ತಿರುಗುವ ಇಂಪೆಲ್ಲರ್‌ಗೆ ಮೆಶ್ (ಪ್ಲಾಸ್ಟಿಕ್ ಜಾಲರಿ) ಕಟ್ಟಿದರೆ ಗಾಳಿ ಜಾಸ್ತಿ ಎಳೆಯುತ್ತದೆ ಅಂತ ಸ್ನೇಹಿತರು ಹೇಳ್ತಾರೆ. ಕಟ್ಟಲಾ, ಅಥವಾ ಹೊಸ ಸ್ಕಿಮ್ಮರೇ ತಗೊಳ್ಳಲಾ?

ಉತ್ತರ: ಸದ್ಯಕ್ಕೆ ಎರಡೂ ಬೇಡ. ಮೊದಲು ತೊಳೆಯಿರಿ. ಒಂದೂವರೆ ವರ್ಷ ಚೆನ್ನಾಗಿ ಓಡಿದ ಸ್ಕಿಮ್ಮರ್ ಬರಬರುತ್ತಾ ಸೊರಗಿದೆ ಅಂದರೆ ಅದು ಮಾಡಿದ ರೀತಿಯಲ್ಲಿ ತಪ್ಪಿಲ್ಲ, ಎಲ್ಲೋ ದಾರಿ ಕಟ್ಟಿಕೊಂಡಿದೆ ಅಂತ ಅರ್ಥ.

ಸ್ಕಿಮ್ಮರ್ ಕೆಲಸ ಮಾಡೋದು ಗುಳ್ಳೆಯ ಮೈಮೇಲೆ. ಮೀನಿನ ಹಿಕ್ಕೆ, ತಿಂದುಳಿದ ಆಹಾರ, ಹವಳ ಬಿಡುವ ಲೋಳೆ, ಇವುಗಳಿಂದ ನೀರಿಗೆ ಸೇರುವ ಎಷ್ಟೋ ಅಣುಗಳಿಗೆ ಒಂದು ತುದಿ ನೀರಿನಲ್ಲಿರಬೇಕು, ಇನ್ನೊಂದು ತುದಿಗೆ ನೀರೇ ಬೇಡ. ಗುಳ್ಳೆ ಸಿಕ್ಕ ಕೂಡಲೇ ಅದಕ್ಕೆ ಅಂಟಿಕೊಂಡು ಮೇಲೆ ಹೋಗುತ್ತವೆ. ಅಷ್ಟೇ ಗಾಳಿಯಲ್ಲಿ ಗುಳ್ಳೆಯ ಗಾತ್ರ ಅರ್ಧಕ್ಕಿಳಿದರೆ ಅಂಟಿಕೊಳ್ಳಲು ಸಿಗುವ ಮೈ ಎರಡರಷ್ಟಾಗುತ್ತದೆ. ಅದಕ್ಕೇ ಗಾಳಿ ಕಡಿಮೆಯಾದರೂ, ಗುಳ್ಳೆ ದಪ್ಪವಾದರೂ ಕಪ್ ಖಾಲಿ ಉಳಿಯುತ್ತದೆ.

ಪಂಪಿನ ಬಾಯಿಗೆ ಗಾಳಿ ಸೇರುವ ಸಣ್ಣ ನಳಿಕೆ ಇದೆಯಲ್ಲ, ಪ್ಲಗ್ ತೆಗೆದು, ಟ್ಯೂಬ್ ಬಿಚ್ಚಿ, ಅದರೊಳಗೆ ಟಾರ್ಚ್ ಹಾಕಿ ನೋಡಿ. ತೂತಿನ ಸುತ್ತ ಬಿಳಿ ಹರಳು ಕಚ್ಚಿಕೊಂಡಿರುತ್ತದೆ. ನಾಲ್ಕು ಮಿಲಿಮೀಟರ್ ಇರಬೇಕಾದ ತೂತು ಒಂದೂವರೆಗೆ ಬಂದಿದ್ದನ್ನು ನಾನೇ ನೋಡಿದ್ದೇನೆ. ಉಪ್ಪುನೀರು ಹನಿಹನಿಯಾಗಿ ಹಿಂದೆ ಬಂದು, ಎಳೆಯುವ ಗಾಳಿಗೆ ಒಣಗಿ, ಉಪ್ಪು ಅಲ್ಲೇ ಉಳಿಯುತ್ತದೆ. ಇದಕ್ಕೆ ಕಡ್ಡಿ ಹಾಕಿ ಕೆರೆಯಬೇಕಾಗಿಲ್ಲ. ಟ್ಯೂಬ್ ಮತ್ತೆ ಸಿಕ್ಕಿಸಿ, ಪಂಪ್ ಓಡುತ್ತಿರುವಾಗಲೇ ಅದರ ಹೊರತುದಿಯನ್ನು ಒಂದು ಲೋಟ ಬೆಚ್ಚಗಿನ ಆರ್‌ಒ ನೀರಿಗೆ ಅದ್ದಿ. ಗಾಳಿಯ ಬದಲು ನೀರನ್ನೇ ಎಳೆದುಕೊಳ್ಳುತ್ತದೆ, ಉಪ್ಪು ಕರಗುತ್ತದೆ. ನೊರೆ ಒಂದು ಗಳಿಗೆ ಪೂರ್ತಿ ಕುಸಿಯುತ್ತದೆ, ಗಾಬರಿ ಬೇಡ, ಮತ್ತೆ ಕಟ್ಟುತ್ತದೆ. ವಾರಕ್ಕೊಮ್ಮೆ ಇಷ್ಟು ಮಾಡಿದರೆ ಅರ್ಧ ತೊಂದರೆ ಬರೋದೇ ಇಲ್ಲ. ಗಾಳಿಯ ಸೈಲೆನ್ಸರ್ ಇದ್ದರೆ ಅದನ್ನೂ ಬಿಚ್ಚಿ ತೊಳೆಯಿರಿ, ಅದರ ಸ್ಪಂಜಿನಲ್ಲಿ ಧೂಳು ಕೂತಿರುತ್ತದೆ.

ಆಮೇಲೆ ಪಂಪ್. ಬಿಚ್ಚಿ, ಇಂಪೆಲ್ಲರ್ ಹೊರಗೆ ತೆಗೆದು, ಬಿಡಿಭಾಗಗಳನ್ನೆಲ್ಲ ಅರ್ಧ ವಿನೆಗರ್, ಅರ್ಧ ನೀರಿನಲ್ಲಿ ಕೆಲವು ಗಂಟೆ ನೆನೆಸಿ. ಸುಣ್ಣದ ಪದರ ಇದ್ದಲ್ಲೆಲ್ಲ ಸಣ್ಣ ಗುಳ್ಳೆ ಏಳುತ್ತದೆ. ಗುಳ್ಳೆ ನಿಂತ ಮೇಲೆ ಹಳೆ ಟೂತ್‌ಬ್ರಶ್ ಆಡಿಸಿದರೆ ಸಾಕು. ಆಗ ಮೂರು ವಿಷಯ ನೋಡಿಕೊಳ್ಳಿ: ನೀಡಲ್ ವೀಲ್‌ನ ಕಡ್ಡಿಗಳು ಎಲ್ಲಾ ಇವೆಯಾ, ಸೆರಾಮಿಕ್ ಶಾಫ್ಟ್ ಬಿರುಕು ಬಿಟ್ಟಿದೆಯಾ, ಮ್ಯಾಗ್ನೆಟ್ ಊದಿಕೊಂಡಿದೆಯಾ. ಮ್ಯಾಗ್ನೆಟ್ ಊದಿದ್ದರೆ ಅಥವಾ ತುಕ್ಕಿನ ಬಣ್ಣ ಕಂಡರೆ ಅದನ್ನು ಮತ್ತೆ ಹಾಕಲೇಬೇಡಿ, ಲೋಹ ನೀರಿಗೆ ಇಳಿದು ಹವಳ, ಸೀಗಡಿ ಎಲ್ಲಕ್ಕೂ ಕುತ್ತು. ಎಲ್ಲ ಸರಿಯಿದ್ದರೆ ಚೆನ್ನಾಗಿ ತೊಳೆದು ಜೋಡಿಸಿ. ಮೂರ್ನಾಲ್ಕು ತಿಂಗಳಿಗೊಮ್ಮೆ ಇದಾಗಬೇಕು. ಎಲ್ಲೂ ಸೋಪು ಮುಟ್ಟಿಸಬೇಡಿ. ಅಕ್ರಿಲಿಕ್ ಭಾಗಕ್ಕೆ ಸ್ಪಿರಿಟ್ ಹಾಗೂ ಕುದಿಯುವ ನೀರೂ ಬೇಡ, ಸೀಳು ಬಿಡುತ್ತದೆ.

ಕಪ್ಪಿನ ಕತ್ತನ್ನು ಮಾತ್ರ ಎರಡು ಮೂರು ದಿನಕ್ಕೊಮ್ಮೆ ಒರೆಸಲೇಬೇಕು. ಒಳಗೆ ಜಿಡ್ಡು ಕೂತರೆ ನೊರೆ ಹತ್ತುತ್ತಾ ಹತ್ತುತ್ತಾ ಅಲ್ಲೇ ಒಡೆದು ಕೆಳಗೆ ಜಾರುತ್ತದೆ.

ಇಷ್ಟೆಲ್ಲ ಆದ ಮೇಲೂ ಮೆಶ್ ಕಟ್ಟುವ ಆಸೆ ಇದ್ದರೆ ಕಟ್ಟಿ, ಆದರೆ ಇರುವ ಇಂಪೆಲ್ಲರ್ ಕತ್ತರಿಸಬೇಡಿ, ಬಿಡಿ ಇಂಪೆಲ್ಲರ್ ಒಂದು ತಂದು ಅದರ ಮೇಲೆ ಪ್ರಯೋಗ ಮಾಡಿ. ಕಡ್ಡಿಗಳನ್ನು ಕತ್ತರಿಸಿ, ಉಳಿದ ತಟ್ಟೆಗೆ ಪ್ಲಾಸ್ಟಿಕ್ ಎಳೆಗಳ ಜಾಲರಿಯನ್ನು ನೈಲಾನ್ ದಾರದಲ್ಲಿ ಹೊಲಿಯುತ್ತಾರೆ. ಲೋಹದ ತಂತಿ ಖಂಡಿತ ಬೇಡ. ತೂಕ ಸುತ್ತಲೂ ಸಮ ಇರಬೇಕು. ನಾನು ಮೊದಲ ಸಲ ಕಟ್ಟಿದಾಗ ಒಂದು ಬದಿ ಗಂಟು ಜಾಸ್ತಿಯಾಗಿ, ಪಂಪ್ ಗುರ್ರೆಂದು ನಡುಗಿ, ಮೂರನೇ ದಿನ ಶಾಫ್ಟ್ ಮುರಿಯಿತು. ಆಮೇಲಿಂದ ಮೊದಲು ಬಕೆಟ್ ಉಪ್ಪುನೀರಿನಲ್ಲಿ ಹತ್ತು ಸಲ ಆನ್, ಆಫ್ ಮಾಡಿ, ಪ್ರತಿ ಸಲವೂ ತಾನಾಗಿ ತಿರುಗಿದರೆ ಮಾತ್ರ ಟ್ಯಾಂಕಿಗೆ ಹಾಕುತ್ತೇನೆ. ಕರೆಂಟ್ ಹೋಗಿ ಬಂದಾಗ ಸಿಕ್ಕಿಕೊಳ್ಳುವ ಇಂಪೆಲ್ಲರ್ ಇಟ್ಟುಕೊಂಡು ನೆಮ್ಮದಿಯಾಗಿ ನಿದ್ದೆ ಮಾಡೋಕಾಗಲ್ಲ. ಗಾಳಿ ಎಷ್ಟು ಹೆಚ್ಚಿತು ಅನ್ನೋದನ್ನು ಕಣ್ಣಂದಾಜಿನಲ್ಲಿ ಹೇಳಬೇಡಿ. ಟ್ಯೂಬಿಗೆ ಏರ್ ಫ್ಲೋ ಮೀಟರ್ ಸಿಕ್ಕಿಸಿ, ಗಂಟೆಗೆ ಎಷ್ಟು ಲೀಟರ್ ಅಂತ ಮೊದಲೂ ಆಮೇಲೂ ಬರೆದಿಡಿ. ಇನ್ನೊಂದು ಮಾತು, ಗಾಳಿ ಹೆಚ್ಚಿದಷ್ಟೂ ಒಳ್ಳೇದು ಅಂತೇನಿಲ್ಲ. ಸಿಲಿಂಡರ್ ಕಿರಿದಾಗಿದ್ದರೆ ಒಳಗೆ ಕುದಿಯುವ ಹಾಗೆ ಕಲಕಿ, ಗುಳ್ಳೆಗೆ ಅಂಟಿದ್ದು ಮತ್ತೆ ನೀರಿಗೇ ಸೇರುತ್ತದೆ. ಕತ್ತಿನ ಬುಡದಲ್ಲಿ ನೊರೆ ಕೆನೆಯ ಹಾಗೆ ಸುಮ್ಮನೆ ಮೇಲೇರಬೇಕು. ನನ್ನ ಅನುಭವದಲ್ಲಿ ಚೆನ್ನಾಗಿರುವ ನೀಡಲ್ ವೀಲ್‌ಗೆ ಮೆಶ್‌ನಿಂದ ಸಿಗುವ ಲಾಭ ಕಡಿಮೆ, ಕಸ ಸಿಕ್ಕಿಕೊಳ್ಳೋದು ಮಾತ್ರ ಜಾಸ್ತಿ.

ಪ್ರಶ್ನೆ: ಹವಳದ ತುಂಡನ್ನು ಎಪಾಕ್ಸಿ ಹಾಕಿ ಕಲ್ಲಿಗೆ ಅಂಟಿಸಿದೆ. ರಾತ್ರಿ ಸ್ಕಿಮ್ಮರ್ ಉಕ್ಕಿ ಕಪ್ ತುಂಬಿ ಹರಿಯಿತು. ಕೆಟ್ಟಿತಾ?

ಉತ್ತರ: ಕೆಟ್ಟಿಲ್ಲ. ಎಪಾಕ್ಸಿ, ಕೆಲವು ವಾಟರ್ ಕಂಡೀಷನರ್‌ಗಳು, ಕೆಲವು ಔಷಧಿಗಳು ನೊರೆ ಉಕ್ಕಿಸುತ್ತವೆ. ಒಂದೆರಡು ದಿನದಲ್ಲಿ ತಾನೇ ಇಳಿಯುತ್ತದೆ. ಅಲ್ಲಿಯವರೆಗೆ ಪಂಪ್ ಪೂರ್ತಿ ನಿಲ್ಲಿಸುವ ಬದಲು ನೀರಿನ ಮಟ್ಟದ ವಾಲ್ವ್ ತಿರುಗಿಸಿ ಒಳಗಿನ ಮಟ್ಟ ಆದಷ್ಟೂ ಇಳಿಸಿ, ಟ್ಯಾಂಕಿಗೆ ಆಕ್ಸಿಜನ್ ಆದರೂ ಸಿಗುತ್ತಿರಲಿ. ಏನೂ ಹಾಕದೆ ಆಗಾಗ ಉಕ್ಕುತ್ತಿದ್ದರೆ ಸಂಪಿನ (ಸ್ಕಿಮ್ಮರ್ ಇಡುವ, ಟ್ಯಾಂಕಿಗೆ ಸೇರಿದ ತೊಟ್ಟಿ) ನೀರಿನ ಮಟ್ಟ ನೋಡಿ. ಅದು ಎರಡು ಸೆಂಟಿಮೀಟರ್ ಏರಿಳಿದರೂ ಸ್ಕಿಮ್ಮರಿನ ಹದ ತಪ್ಪುತ್ತದೆ. ಆವಿಯಾದ ನೀರನ್ನು ತಾನೇ ತುಂಬುವ ಆಟೋ ಟಾಪ್ ಆಫ್ ಇದ್ದರೆ, ಅಥವಾ ಸ್ಕಿಮ್ಮರ್ ನಿಲ್ಲುವ ಖಾನೆಗೆ ಅಡ್ಡಗೋಡೆ ಹಾಕಿ ಮಟ್ಟ ಒಂದೇ ಸಮ ಇಟ್ಟರೆ ಈ ಕಾಟ ತಪ್ಪುತ್ತದೆ. ನನ್ನನ್ನು ಕೇಳಿದರೆ ಯಾವ ಮೆಶ್‌ಗಿಂತಲೂ ಮೊದಲು ಮಾಡಬೇಕಾದ ಬದಲಾವಣೆ ಇದೇ.

ಪ್ರಶ್ನೆ: ನೈಟ್ರೇಟ್ ಇಳಿಯುತ್ತಿಲ್ಲ. ಎರಡರಷ್ಟು ದೊಡ್ಡ ಸ್ಕಿಮ್ಮರ್ ಹಾಕಿದರೆ?

ಉತ್ತರ: ನೈಟ್ರೇಟ್ ಗುಳ್ಳೆಗೆ ಅಂಟುವ ವಸ್ತುವೇ ಅಲ್ಲ. ಕೊಳೆತು ನೈಟ್ರೇಟ್ ಆಗುವ ಮುಂಚೆಯೇ ಕಸವನ್ನು ಎತ್ತೋದು ಸ್ಕಿಮ್ಮರ್ ಕೆಲಸ, ಅದೂ ಎಲ್ಲವನ್ನೂ ಅಲ್ಲ. ಪೆನ್ಸಿಲ್ವೇನಿಯಾ ಸ್ಟೇಟ್ ಯೂನಿವರ್ಸಿಟಿಯ ಕೆನ್ ಫೆಲ್ಡ್‌ಮನ್ ಮತ್ತು ಜೊತೆಗಾರರು 2009ರಲ್ಲಿ ಕೆಲವು ಸ್ಕಿಮ್ಮರ್‌ಗಳನ್ನು ಅಳೆದು ನೋಡಿದಾಗ, ನೀರಿನಲ್ಲಿದ್ದ ಒಟ್ಟು ಸಾವಯವ ಇಂಗಾಲದಲ್ಲಿ ಹೊರಬಂದಿದ್ದು ಸುಮಾರು 20ರಿಂದ 30 ಶೇಕಡಾ ಮಾತ್ರ. ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ದೊಡ್ಡ ಅಂತರವೂ ಕಾಣಲಿಲ್ಲ. ನೀವು ಹಾಕುವ ಆಹಾರ ಎಷ್ಟು, ನೀರು ಬದಲಿಸೋದು ಎಷ್ಟು ದಿನಕ್ಕೊಮ್ಮೆ, ಅದನ್ನು ಬರೆದು ಕಳಿಸಿ, ಅಲ್ಲಿಂದ ಶುರು ಮಾಡೋಣ.

ಪ್ರಶ್ನೆ: ಬಾಗಿಲು ಕಿಟಕಿ ಮುಚ್ಚಿದ ದಿನ ಪಿಎಚ್ 7.8ಕ್ಕೆ ಇಳಿಯುತ್ತದೆ. ಇದಕ್ಕೂ ಸ್ಕಿಮ್ಮರ್‌ಗೂ ಸಂಬಂಧ ಇದೆಯಾ?

ಉತ್ತರ: ಇದೆ. ನಾವು ಉಸಿರು ಬಿಟ್ಟ ಕಾರ್ಬನ್ ಡೈಆಕ್ಸೈಡ್ ಕೋಣೆಯಲ್ಲೇ ಉಳಿದಾಗ ಸ್ಕಿಮ್ಮರ್ ಅದನ್ನೇ ಎಳೆದು ನೀರಿಗೆ ಬೆರೆಸುತ್ತದೆ. ಗಾಳಿಯ ಟ್ಯೂಬನ್ನು ಕಿಟಕಿಯಿಂದ ಹೊರಗೆ ಬಿಡಿ. ಟ್ಯೂಬ್ ತುಂಬ ಉದ್ದವಾದರೆ ಗಾಳಿ ಕಡಿಮೆಯಾಗುತ್ತದೆ, ಆದ್ದರಿಂದ ಸ್ವಲ್ಪ ದಪ್ಪನೆಯದೇ ಹಾಕಿ. ಹೊರಗೆ ಬಿಡಲು ಆಗದಿದ್ದರೆ ಕಾರ್ಬನ್ ಡೈಆಕ್ಸೈಡ್ ಹೀರುವ ಸೋಡಾ ಲೈಮ್ ತುಂಬಿದ ಡಬ್ಬಿಯ ಮೂಲಕ ಗಾಳಿ ಎಳೆಸಬಹುದು, ಬಣ್ಣ ಬದಲಿಸುವ ಬಗೆಯ ಸೋಡಾ ಲೈಮ್ ತಂದರೆ ಯಾವಾಗ ಮುಗಿಯಿತು ಅನ್ನೋದು ನೋಡಿದರೇ ತಿಳಿಯುತ್ತದೆ. ಹೊರಗೆ ಬಿಟ್ಟ ತುದಿಗೆ ಸಣ್ಣ ಜಾಲರಿ ಕಟ್ಟೋದು ಮರೆಯಬೇಡಿ, ಹುಳು ಹೊಕ್ಕರೆ ಮತ್ತೆ ಮೊದಲ ಪ್ರಶ್ನೆಯ ಕಥೆಯೇ. ಹೊರಗೆ ಸೊಳ್ಳೆಗೋ ಗಿಡಕ್ಕೋ ಔಷಧಿ ಹೊಡೆಯುವ ದಿನ ಟ್ಯೂಬನ್ನು ಒಳಗೆ ಎಳೆದುಕೊಳ್ಳಿ.