ಸಹಿ ನಿಮ್ಮದೊಂದೇ ಸಾಕು

ಪ್ರಶ್ನೆ: ನನಗೆ 33 ವರ್ಷ, ಇಬ್ಬರು ಮಕ್ಕಳು. ಕಾಪರ್ ಟಿ ಹಾಕಿಸಿಕೊಂಡಿದ್ದರೂ ಗರ್ಭ ನಿಂತಿದೆ. ಸ್ಕ್ಯಾನಿಂಗ್‌ನಲ್ಲಿ 10 ವಾರ ಎಂದಿದ್ದಾರೆ. ಇನ್ನೊಂದು ಬಾಣಂತನಕ್ಕೆ ನನ್ನ ಮೈಯಲ್ಲೂ ಶಕ್ತಿಯಿಲ್ಲ, ಮನಸ್ಸಿನಲ್ಲೂ ಇಲ್ಲ. ತೆಗೆಸಕೂಡದು ಎಂದು ಗಂಡನ ಹಟ. ಆಸ್ಪತ್ರೆಯಲ್ಲಿ ‘ಯಜಮಾನರ ಸಹಿ ಹಾಕಿಸಿಕೊಂಡು ಬನ್ನಿ’ ಎಂದು ವಾಪಸ್ ಕಳಿಸಿದರು. ಅವರ ಒಪ್ಪಿಗೆ ಇಲ್ಲದೆ ಗರ್ಭಪಾತ ಮಾಡಿಸಿಕೊಂಡರೆ ಅಪರಾಧವೇ?
- ಹೆಸರು ಬೇಡ

ಉತ್ತರ: ಅಲ್ಲ, ತಂಗಿ. ಆ ಸಹಿ ಕೇಳಿದ್ದೇ ತಪ್ಪು.

ಆಸ್ಪತ್ರೆಗಳಲ್ಲಿ ‘ಎಂಟಿಪಿ’ ಎನ್ನುವ 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಗೆ ಬೇಕಿರುವುದು ಗರ್ಭಿಣಿಯ ಒಪ್ಪಿಗೆ. ಆಕೆಗೆ 18 ತುಂಬಿಲ್ಲದಿದ್ದರೆ ಅಥವಾ ಮಾನಸಿಕ ಅಸ್ವಸ್ಥತೆ ಇದ್ದರೆ ಮಾತ್ರ ಪೋಷಕರ ಲಿಖಿತ ಒಪ್ಪಿಗೆ ಬೇಕು. ಒಪ್ಪಿಗೆಯ ‘ನಮೂನೆ ಸಿ’ಯನ್ನು ಕೈಗೆ ತೆಗೆದುಕೊಂಡು ಓದಿ. ಇಂಥವರ ಹೆಂಡತಿ ಅಥವಾ ಮಗಳು ಎಂದು ಬರೆಯುವ ಜಾಗವಿದೆ, ಗಂಡನ ಹೆಸರಿಗೆ ಅಲ್ಲಿರುವ ಕೆಲಸ ಅಷ್ಟೇ. ಅವರು ಸಹಿ ಹಾಕಲು ಗೆರೆಯೇ ಇಲ್ಲ. ತನ್ನ ಒಪ್ಪಿಗೆಯಿಲ್ಲದೆ ಗರ್ಭಪಾತವಾಯಿತೆಂದು ಹೆಂಡತಿ ಮತ್ತು ವೈದ್ಯರ ಮೇಲೆ ಪರಿಹಾರದ ದಾವೆ ಹೂಡಿದ್ದ ಗಂಡನೊಬ್ಬ ಹೈಕೋರ್ಟಿನಲ್ಲಿ ಸೋತ. 2017ರಲ್ಲಿ ಸುಪ್ರೀಂ ಕೋರ್ಟೂ ಅವನ ಮೇಲ್ಮನವಿಯನ್ನು ತಳ್ಳಿಹಾಕಿತು.

ನಿಮ್ಮ ಪತ್ರ ಓದುವಾಗ, ಕಾಯ್ದೆ ತಿದ್ದುಪಡಿಯಾಗುವ ಮೊದಲು ನನ್ನ ಕಚೇರಿಗೆ ಬಂದಿದ್ದ ಹೆಣ್ಣುಮಗಳೊಬ್ಬಳು ಕಣ್ಣಮುಂದೆ ಬಂದಳು. ಇದೇ ಸಹಿಗಾಗಿ ವಾರಗಟ್ಟಲೆ ಅಲೆದಿದ್ದಳು. ಪರ್ಸಿನಲ್ಲಿ ನಾಲ್ಕು ಮಡಿಕೆ ಮಾಡಿಟ್ಟಿದ್ದ ಸ್ಕ್ಯಾನಿಂಗ್ ಚೀಟಿಯನ್ನು ಮೇಜಿನ ಮೇಲೆ ಬಿಡಿಸಿ, ತಾರೀಖಿನ ಮೇಲೆ ಬೆರಳಿಟ್ಟು ಸುಮ್ಮನೆ ಕೂತಳು. ಆಗಿದ್ದ 20 ವಾರಗಳ ಗಡುವು ಮುಗಿದಿತ್ತು. ಯಾರಿಗೂ ಬೇಕಿಲ್ಲದ ಒಂದು ಸಹಿ ಅವಳ ದಿನಗಳನ್ನೆಲ್ಲ ತಿಂದುಹಾಕಿತ್ತು. ಅದಕ್ಕೇ ನಿಮಗೆ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಒಂದು ಮಾತು ಮುಚ್ಚಿಡಲಾರೆ. ‘ನನಗೆ ಬೇಡ’ ಎಂಬುದೊಂದೇ ನಮ್ಮ ಕಾಯ್ದೆಗೆ ಸಾಲದು, ವೈದ್ಯರ ಅಭಿಪ್ರಾಯವೂ ಬೇಕು. 2009ರಲ್ಲಿ ಸುಪ್ರೀಂ ಕೋರ್ಟು, ಹೆರುವ ಅಥವಾ ಹೆರದಿರುವ ಆಯ್ಕೆ ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯಕ್ಕೆ ಸೇರಿದ್ದು ಎಂದು ಹೇಳಿದ ಮೇಲೂ ಹೀಗಿರುವುದು ನನಗೆ ಒಪ್ಪಿಗೆಯಿಲ್ಲ. ಆದರೆ ನಿಮ್ಮ ವಿಷಯದಲ್ಲಿ ಇದು ತೊಡಕಾಗಬಾರದು. ಗರ್ಭನಿರೋಧಕ ವಿಫಲವಾಗಿ ನಿಂತ ಗರ್ಭದ ಸಂಕಟವನ್ನು ಮಾನಸಿಕ ಆರೋಗ್ಯಕ್ಕೆ ಆಗುವ ಗಂಭೀರ ಹಾನಿಯೆಂದು ಭಾವಿಸಬಹುದೆಂದು ಕಾಯ್ದೆಯಲ್ಲೇ ಇದೆ. 20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು.

ಮದುವೆಯಾಗದ ಓದುಗರೂ ಕೇಳುತ್ತಿರುತ್ತೀರಿ. ಗರ್ಭನಿರೋಧಕ ವಿಫಲವಾಗುವ ಬಗ್ಗೆ ಕಾಯ್ದೆಯಲ್ಲಿರುವ ಆ ಮಾತಿನಲ್ಲಿ ‘ಗಂಡ’ ಎಂದಿದ್ದದ್ದು 2021ರ ತಿದ್ದುಪಡಿಯಲ್ಲಿ ‘ಸಂಗಾತಿ’ ಎಂದಾಗಿದೆ. ಕೆಲವು ವರ್ಗದವರಿಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ ಇರುವ 24 ವಾರಗಳ ಅವಕಾಶ ಅವಿವಾಹಿತೆಯರಿಗೂ ಉಂಟು ಎಂದು ಸುಪ್ರೀಂ ಕೋರ್ಟು 29 ಸೆಪ್ಟೆಂಬರ್ 2022ರಂದು ತೀರ್ಪು ಕೊಟ್ಟಿದೆ.

ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗಬೇಡಿ ತಂಗಿ, ನಿಯಮದಲ್ಲಿ ಅದು 9 ವಾರದೊಳಗಿನ ಗರ್ಭಕ್ಕೆ, ಅದೂ ವೈದ್ಯರು ಬರೆದುಕೊಟ್ಟರೆ. ಕಾಪರ್ ಟಿ ಇನ್ನೂ ಒಳಗಿದೆಯೇ ಎಂದು ಅವರನ್ನೇ ಕೇಳಿ. ನಿಮ್ಮ ಹೆಸರು ಹೊರಗೆ ಬೀಳುವ ಭಯ ಬೇಡ, ಅದನ್ನು ಬಯಲು ಮಾಡಿದ ವೈದ್ಯರಿಗೆ ಒಂದು ವರ್ಷದವರೆಗೆ ಜೈಲಾಗಬಹುದು. ನಾಳೆ ಬೆಳಿಗ್ಗೆಯೇ ಸ್ಕ್ಯಾನಿಂಗ್ ಚೀಟಿ ಹಿಡಿದು ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಲ್ಲೂ ಗಂಡನ ಸಹಿ ಕೇಳಿದರೆ, ‘ಯಾವ ನಿಯಮದ ಪ್ರಕಾರ ಎಂದು ಬರೆದುಕೊಡಿ’ ಎಂದು ಕೇಳಿ.