ರಷ್ಯಾದ ಗ್ಯಾಸಿಗೆ ನಿರ್ಬಂಧ ಹಾಕಿ ಯುರೋಪ್ ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡಿತೇ? ಈಗಲೂ ಕೊಳ್ಳುತ್ತಿರುವುದು ಯಾಕೆ? ಇದರಿಂದ ನಮಗೇನು?

ಮೊದಲನೆಯ ಪ್ರಶ್ನೆಯ ಬುಡವೇ ಸರಿಯಿಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. 2022ರಲ್ಲಿ ಐರೋಪ್ಯ ಒಕ್ಕೂಟ ರಷ್ಯಾದ ಪೈಪ್‌ಲೈನ್ ಗ್ಯಾಸಿಗೆ ನಿರ್ಬಂಧ ಹಾಕಲೇ ಇಲ್ಲ. ಕಲ್ಲಿದ್ದಲಿಗೆ ಹಾಕಿತು: ಏಪ್ರಿಲ್‌ನಲ್ಲಿ ತೀರ್ಮಾನ, ಆಗಸ್ಟ್‌ನಲ್ಲಿ ಪೂರ್ತಿ ಜಾರಿ. ಹಡಗಿನಲ್ಲಿ ಬರುವ ಕಚ್ಚಾ ತೈಲಕ್ಕೆ 2022ರ ಡಿಸೆಂಬರ್ 5ರಿಂದ, ಡೀಸೆಲ್‌ನಂಥ ಸಂಸ್ಕರಿತ ತೈಲಕ್ಕೆ 2023ರ ಫೆಬ್ರುವರಿ 5ರಿಂದ ಹಾಕಿತು. ಗ್ಯಾಸ್ ಮಾತ್ರ ಪಟ್ಟಿಯಲ್ಲಿ ಇರಲಿಲ್ಲ. ಯಾವುದಕ್ಕೆ ಬದಲಿ ಸುಲಭವಾಗಿ ಸಿಗುತ್ತದೋ ಅದನ್ನು ಮೊದಲು ಬಿಡುವುದು, ಸಿಗದ್ದನ್ನು ಮುಟ್ಟದೆ ಇರುವುದು, ಇದೇ ಆ ಸರದಿಯ ಹಿಂದಿನ ಲೆಕ್ಕ. ಗ್ಯಾಸ್ ನಿಲ್ಲಿಸಿದ್ದು ಕೊಳ್ಳುವವನಲ್ಲ, ಮಾರುವವನು.

ಉಕ್ರೇನ್ ಯುದ್ಧಕ್ಕೆ ಮುಂಚಿನ ಅವಲಂಬನೆ ಎಷ್ಟಿತ್ತು ನೋಡಿ. 2021ರಲ್ಲಿ ಐರೋಪ್ಯ ಒಕ್ಕೂಟ ರಷ್ಯಾದಿಂದ ತರಿಸಿದ್ದು ಸುಮಾರು 15,500 ಕೋಟಿ ಘನ ಮೀಟರ್ ಗ್ಯಾಸ್. ಅದರಲ್ಲಿ 14,000 ಕೋಟಿ ಪೈಪಿನಲ್ಲಿ, ಉಳಿದದ್ದು ಹಡಗಿನಲ್ಲಿ ದ್ರವರೂಪದಲ್ಲಿ (ಎಲ್‌ಎನ್‌ಜಿ). ಒಕ್ಕೂಟದ ಒಟ್ಟು ಗ್ಯಾಸ್ ಆಮದಿನ ಶೇ. 45ರಷ್ಟು ಅದು, ಜರ್ಮನಿ ಒಂದನ್ನೇ ತೆಗೆದುಕೊಂಡರೆ ಅರ್ಧಕ್ಕೂ ಹೆಚ್ಚು.

ಇಷ್ಟನ್ನು ಬೇರೆ ಕಡೆಯಿಂದ ತರಿಸಿಕೊಳ್ಳಬಹುದಿತ್ತಲ್ಲ ಅಂತ ಕೇಳುವವರಿದ್ದಾರೆ. ಬೆಂಗಳೂರಿನವರಿಗೆ ಹೇಳುವುದಾದರೆ ಪೈಪಿನ ಗ್ಯಾಸ್ ಕಾವೇರಿ ನಲ್ಲಿ, ಎಲ್‌ಎನ್‌ಜಿ ಟ್ಯಾಂಕರ್ ನೀರು. ನಲ್ಲಿ ನಿಂತಾಗ ಇಡೀ ಬಡಾವಣೆ ಒಟ್ಟಿಗೇ ಟ್ಯಾಂಕರಿಗೆ ಫೋನ್ ಮಾಡಿದರೆ ಏನಾಗುತ್ತದೋ ಅದೇ ಆಗುತ್ತದೆ. ಗ್ಯಾಸನ್ನು ಮೈನಸ್ 162 ಡಿಗ್ರಿಗೆ ತಣಿಸಿದರೆ ಗಾತ್ರ ಸುಮಾರು 600ನೇ ಒಂದು ಭಾಗಕ್ಕೆ ಇಳಿದು ದ್ರವವಾಗುತ್ತದೆ. ಈಗ ಸಾಮಾನ್ಯವಾಗಿ ಕಾಣುವ ಅಳತೆಯ ಒಂದು ದೊಡ್ಡ ಹಡಗು 1,74,000 ಘನ ಮೀಟರ್ ದ್ರವ ಹೊರುತ್ತದೆ. ಮತ್ತೆ ಅನಿಲ ಮಾಡಿದರೆ ಅದು ಸುಮಾರು 10 ಕೋಟಿ ಘನ ಮೀಟರ್. ಬಾಲ್ಟಿಕ್ ಸಮುದ್ರದ ತಳದಲ್ಲಿ ಹಾದುಹೋಗುವ ನಾರ್ಡ್ ಸ್ಟ್ರೀಮ್ 1 ಪೈಪಿನ ಸಾಮರ್ಥ್ಯ ವರ್ಷಕ್ಕೆ 5,500 ಕೋಟಿ. ಅಂದರೆ ಆ ಒಂದು ಪೈಪಿನ ಬದಲಿಗೆ ವರ್ಷಕ್ಕೆ 550 ಹಡಗು ಬೇಕು, ದಿನಕ್ಕೆ ಒಂದೂವರೆ. ಹಡಗು ಸಿಕ್ಕರೂ ಇಳಿಸುವ ಟರ್ಮಿನಲ್ ಬೇಕು. 2022ರ ಶುರುವಿನಲ್ಲಿ ಜರ್ಮನಿಯಲ್ಲಿ ಅಂಥ ಟರ್ಮಿನಲ್ ಒಂದೂ ಇರಲಿಲ್ಲ. ಸ್ಪೇನ್‌ನಲ್ಲಿ ಬೇಕಾದಷ್ಟಿದ್ದವು; ಆದರೆ ಪಿರನೀಸ್ ಬೆಟ್ಟ ದಾಟಿ ಫ್ರಾನ್ಸ್‌ಗೆ ಹೋಗುವ ಪೈಪು ಸಣ್ಣದು. ಅಲ್ಲಿ ಇಳಿಸಿದ ಗ್ಯಾಸನ್ನು ದೊಡ್ಡ ಪ್ರಮಾಣದಲ್ಲಿ ಜರ್ಮನಿಗೆ ತಲುಪಿಸುವ ದಾರಿ ಇರಲಿಲ್ಲ.

ಇನ್ನು ನಿಲ್ಲಿಸಿದ ಬಗೆ. 2022ರ ಮಾರ್ಚ್ 31ರಂದು ಪುಟಿನ್ ಒಂದು ಆದೇಶ ಹೊರಡಿಸಿದರು: ಗ್ಯಾಸ್ ಕೊಳ್ಳುವವರು ಗ್ಯಾಜ್‌ಪ್ರೋಮ್‌ಬ್ಯಾಂಕಿನಲ್ಲಿ (ರಷ್ಯಾದ ಸರ್ಕಾರಿ ಗ್ಯಾಸ್ ಕಂಪನಿ ಗ್ಯಾಜ್‌ಪ್ರೋಮ್‌ನ ನಂಟಿನ ಬ್ಯಾಂಕು) ಎರಡು ಖಾತೆ ತೆರೆಯಬೇಕು, ಒಂದಕ್ಕೆ ಯೂರೋ ಕಟ್ಟಬೇಕು, ಬ್ಯಾಂಕು ಅದನ್ನು ರೂಬಲ್ ಮಾಡಿ ಇನ್ನೊಂದಕ್ಕೆ ಹಾಕುತ್ತದೆ, ಆಮೇಲಷ್ಟೇ ಹಣ ಸಂದಾಯವಾದಂತೆ. ಒಪ್ಪಂದದಲ್ಲಿ ರೂಬಲ್ ಎಂದಿಲ್ಲ, ಹೀಗೆ ಕಟ್ಟುವುದಿಲ್ಲ ಎಂದ ಪೋಲೆಂಡ್, ಬಲ್ಗೇರಿಯಾಗಳಿಗೆ ಏಪ್ರಿಲ್ 27ರಂದು ಸರಬರಾಜು ನಿಂತಿತು. ಮೇ ತಿಂಗಳಲ್ಲಿ ಫಿನ್ಲೆಂಡ್, ಅದರ ಬೆನ್ನಿಗೇ ನೆದರ್ಲೆಂಡ್ಸ್, ಡೆನ್ಮಾರ್ಕ್‌ನ ಕಂಪನಿಗಳ ಸರದಿ ಬಂತು. ರಷ್ಯಾದ ಬ್ಯಾಂಕುಗಳನ್ನು ಸ್ವಿಫ್ಟ್‌ನಿಂದ (ದೇಶದೇಶಗಳ ಬ್ಯಾಂಕುಗಳ ನಡುವಿನ ಸಂದೇಶ ಜಾಲ) ಹೊರಹಾಕಿದಾಗ ಗ್ಯಾಜ್‌ಪ್ರೋಮ್‌ಬ್ಯಾಂಕನ್ನು ಯುರೋಪ್ ಬೇಕೆಂದೇ ಬಿಟ್ಟಿತ್ತು. ಗ್ಯಾಸಿನ ದುಡ್ಡು ಹೋಗುವ ದಾರಿ ಅದೇ ತಾನೇ!

ದೊಡ್ಡ ಹೊಡೆತ ಬಿದ್ದದ್ದು ನಾರ್ಡ್ ಸ್ಟ್ರೀಮ್‌ನಲ್ಲಿ. ಈ ಪೈಪು ರಷ್ಯಾದ ವೀಬೋರ್ಗ್ ಹತ್ತಿರದಿಂದ ಜರ್ಮನಿಯ ಲುಬ್ಮಿನ್‌ವರೆಗೆ 1,224 ಕಿ.ಮೀ. ನಡುವೆ ಒತ್ತಡ ಹೆಚ್ಚಿಸುವ ಇನ್ನೊಂದು ಕಂಪ್ರೆಸರ್ ನಿಲ್ದಾಣವಿಲ್ಲ, ಅಷ್ಟು ದೂರಕ್ಕೂ ಆರಂಭದಲ್ಲಿ ಕೊಟ್ಟ ಒತ್ತಡವೇ ಗತಿ. ಆ ಕೆಲಸ ಮಾಡುತ್ತಿದ್ದದ್ದು ಪೋರ್ತೊವಾಯ ನಿಲ್ದಾಣ. ಅಲ್ಲಿ 52 ಮೆಗಾವ್ಯಾಟ್‌ನ ಆರು, 27 ಮೆಗಾವ್ಯಾಟ್‌ನ ಎರಡು ಯಂತ್ರಗಳು. ದೊಡ್ಡವುಗಳ ಟರ್ಬೈನು ಸೀಮೆನ್ಸ್‌ನದು, ಓವರ್‌ಹಾಲ್ ಆಗುತ್ತಿದ್ದದ್ದು ಕೆನಡಾದ ಮಾಂಟ್ರಿಯಲ್‌ನಲ್ಲಿ. ರಿಪೇರಿಗೆ ಹೋದ ಒಂದು ಟರ್ಬೈನು ಕೆನಡಾದ ನಿರ್ಬಂಧದಿಂದ ಅಲ್ಲೇ ಸಿಕ್ಕಿಕೊಂಡಿತು. ಇದನ್ನೇ ಹೇಳಿಕೊಂಡು ಗ್ಯಾಜ್‌ಪ್ರೋಮ್ ಜೂನ್‌ನಲ್ಲಿ ಹರಿವನ್ನು ದಿನಕ್ಕೆ 16.7 ಕೋಟಿ ಘನ ಮೀಟರ್‌ನಿಂದ 6.7 ಕೋಟಿಗೆ, ಜುಲೈ ಕೊನೆಗೆ 3.3 ಕೋಟಿಗೆ ಇಳಿಸಿತು. ಕೆನಡಾ ವಿನಾಯಿತಿ ಕೊಟ್ಟು ಟರ್ಬೈನು ಜರ್ಮನಿಗೆ ಬಂತು. ಜರ್ಮನಿಯ ಆಗಿನ ಚಾನ್ಸಲರ್ ಶೋಲ್ಜ್ ಮ್ಯೂಲ್‌ಹೈಮ್‌ಗೆ ಹೋಗಿ ಅದರ ಪಕ್ಕ ನಿಂತು ‘ಇಗೋ ಇಲ್ಲಿದೆ, ತೆಗೆದುಕೊಂಡು ಹೋಗಿ’ ಎಂಬರ್ಥದಲ್ಲಿ ಮಾತಾಡಿದರು. ಕಾಗದಪತ್ರ ಸರಿಯಿಲ್ಲ ಎಂದು ಗ್ಯಾಜ್‌ಪ್ರೋಮ್ ತೆಗೆದುಕೊಳ್ಳಲಿಲ್ಲ. ಆಗಸ್ಟ್ ಕೊನೆಯಲ್ಲಿ ಮೂರು ದಿನದ ನಿರ್ವಹಣೆಗೆಂದು ನಿಂತ ಪೈಪು ಎಣ್ಣೆ ಸೋರಿಕೆಯ ಕಾರಣ ಹೇಳಿ ಮತ್ತೆ ಶುರುವಾಗಲೇ ಇಲ್ಲ. ಸೆಪ್ಟೆಂಬರ್ 26ರ ಸ್ಫೋಟಗಳಲ್ಲಿ ಎರಡೂ ನಾರ್ಡ್ ಸ್ಟ್ರೀಮ್‌ಗಳ ನಾಲ್ಕು ಕೊಳವೆಗಳಲ್ಲಿ ಮೂರು ಒಡೆದವು. ಟರ್ಬೈನ್ ತೊಂದರೆ ನಿಜವೇ ಆಗಿದ್ದರೂ ಉಕ್ರೇನ್, ಪೋಲೆಂಡ್ ಮಾರ್ಗಗಳಲ್ಲಿ ಜಾಗ ಖಾಲಿ ಇತ್ತು. ಕಳಿಸುವ ಮನಸ್ಸಿದ್ದಿದ್ದರೆ ಅಲ್ಲಿಂದ ಕಳಿಸಬಹುದಿತ್ತು. ಹಾಗಾಗಿ ತಾಂತ್ರಿಕ ಕಾರಣವನ್ನು ನಾನು ನೆಪ ಎಂದೇ ಪರಿಗಣಿಸುತ್ತೇನೆ.

ಇದೇ ಹೊತ್ತಿಗೆ ಯುರೋಪಿನ ಗ್ಯಾಸ್ ದರಕ್ಕೆ ಅಳತೆಗೋಲಾದ ಡಚ್ ಟಿಟಿಎಫ್ ಮಾರುಕಟ್ಟೆಯಲ್ಲಿ ಬೆಲೆ ಮೆಗಾವ್ಯಾಟ್-ಗಂಟೆಗೆ 340 ಯೂರೋ ಹತ್ತಿರ ಹೋಯಿತು (ಆಗಸ್ಟ್ 26). ಹಿಂದಿನ ದಶಕದಲ್ಲಿ ಅದು ಇರುತ್ತಿದ್ದದ್ದು 20ರ ಆಸುಪಾಸು. ವಿದ್ಯುತ್ ಬೆಲೆಯೂ ಜತೆಗೇ ಏರಿತು. ಯಾಕೆಂದರೆ ಅಲ್ಲಿನ ಸಗಟು ಮಾರುಕಟ್ಟೆಯಲ್ಲಿ ಆ ಗಂಟೆಯ ಬೇಡಿಕೆ ಪೂರೈಸಲು ಕೊನೆಗೆ ಚಾಲೂ ಮಾಡಿದ ದುಬಾರಿ ಸ್ಥಾವರದ ದರವೇ ಎಲ್ಲರ ದರ, ಆ ಕೊನೆಯ ಸ್ಥಾವರ ಹೆಚ್ಚಾಗಿ ಗ್ಯಾಸಿನದು. ಆ ವರ್ಷವೇ ಫ್ರಾನ್ಸ್‌ನ ಅಣು ರಿಯಾಕ್ಟರುಗಳಲ್ಲಿ ಅರ್ಧದಷ್ಟು ತುಕ್ಕಿನ ಬಿರುಕು ತಪಾಸಣೆ, ರಿಪೇರಿಗೆಂದು ನಿಂತಿದ್ದವು, ಬರಗಾಲದಿಂದ ಜಲವಿದ್ಯುತ್ತೂ ಕುಸಿದಿತ್ತು. ಬರಗಾಲದಲ್ಲಿ ಅಧಿಕ ಮಾಸ ಅಂದರೆ ಇದೇ.

ಯಾರು ಮುಳುಗಿದರು ಎಂದು ನೋಡಿದರೆ ಮೊದಲ ಹೆಸರು ಯೂನಿಪರ್, ಜರ್ಮನಿಯ ಅತಿ ದೊಡ್ಡ ಗ್ಯಾಸ್ ಆಮದುದಾರ. ಊರೂರಿನ ವಿತರಣಾ ಸಂಸ್ಥೆಗಳಿಗೆ ನಿಗದಿತ ದರದಲ್ಲಿ ಗ್ಯಾಸ್ ಕೊಡುತ್ತೇನೆಂದು ಅದು ಮೊದಲೇ ಬರೆದುಕೊಟ್ಟಿತ್ತು. ಗ್ಯಾಜ್‌ಪ್ರೋಮ್ ಕೊಡದೆ ಹೋದಾಗ ಅಂದಂದಿನ ಮಾರುಕಟ್ಟೆ ದರಕ್ಕೆ ಕೊಂಡು ಹಳೆಯ ದರಕ್ಕೆ ಕೊಡಬೇಕಾಯಿತು. 2022ರ ಡಿಸೆಂಬರ್‌ನಲ್ಲಿ ಜರ್ಮನ್ ಸರ್ಕಾರ ಅದರ ಶೇ. 99ರಷ್ಟು ಪಾಲನ್ನು ತಾನೇ ತೆಗೆದುಕೊಂಡಿತು.

ಚಳಿಗಾಲ ದಾಟಿದ್ದು ಹೇಗೆ? ನೆಲದಡಿಯ ದಾಸ್ತಾನು ದೊಡ್ಡ ಆಸರೆ. ಒಕ್ಕೂಟದ ಒಟ್ಟು ದಾಸ್ತಾನು ಸಾಮರ್ಥ್ಯ ಸುಮಾರು 10,000 ಕೋಟಿ ಘನ ಮೀಟರ್, ವರ್ಷದ ಬಳಕೆಯ ಕಾಲು ಭಾಗದಷ್ಟು. ಜರ್ಮನಿಯ ಅತಿ ದೊಡ್ಡ ದಾಸ್ತಾನು ರೇಡನ್ ಎಂಬಲ್ಲಿದೆ, ಬರಿದಾದ ಹಳೆಯ ಗ್ಯಾಸ್ ನಿಕ್ಷೇಪ, 400 ಕೋಟಿ ಹಿಡಿಯುತ್ತದೆ. ಅದು ಗ್ಯಾಜ್‌ಪ್ರೋಮ್‌ನ ಕೈಯಲ್ಲೇ ಇತ್ತು. 2021ರ ಬೇಸಿಗೆಯಲ್ಲಿ ತುಂಬಿಸಲೇ ಇಲ್ಲ, ಯುದ್ಧ ಶುರುವಾಗುವ ಹೊತ್ತಿಗೆ ಬಹುತೇಕ ಖಾಲಿ. ಆಗ ಒಕ್ಕೂಟ ಕಾನೂನು ಮಾಡಿತು: 2022ರ ನವೆಂಬರ್ 1ರೊಳಗೆ ಶೇ. 80, ಮುಂದಿನ ವರ್ಷದಿಂದ ಶೇ. 90 ತುಂಬಿರಬೇಕು. ಶೇ. 95ರ ಹತ್ತಿರ ತುಂಬಿಯೂ ತುಂಬಿತು, ಆದರೆ ಅತ್ಯಂತ ದುಬಾರಿ ತಿಂಗಳುಗಳಲ್ಲಿ ಕೊಂಡು. ಆ ನಷ್ಟವನ್ನು ಜರ್ಮನಿ ಗ್ರಾಹಕರ ಬಿಲ್ಲಿಗೆ ‘ದಾಸ್ತಾನು ಸುಂಕ’ ಎಂದು ಸೇರಿಸಿತು.

ಒಂದು ತಪ್ಪು ತಿಳಿವಳಿಕೆ ಇಲ್ಲಿ ಸಾಮಾನ್ಯ. ದಾಸ್ತಾನು ಶೇ. 30 ಇದೆ ಅಂದರೆ ಆ ಮೂವತ್ತನ್ನೂ ಬೇಕಾದ ವೇಗದಲ್ಲಿ ತೆಗೆಯಬಹುದು ಅಂತಲ್ಲ. ಗ್ಯಾಸ್ ಮೇಲೆ ಬರುವುದು ಒಳಗಿನ ಒತ್ತಡದಿಂದ. ಕಡಿಮೆಯಾದಂತೆ ಒತ್ತಡ ಇಳಿದು ದಿನಕ್ಕೆ ತೆಗೆಯಬಹುದಾದ ಪ್ರಮಾಣವೂ ಇಳಿಯುತ್ತದೆ. ಉಪ್ಪಿನ ಗುಹೆಯ ದಾಸ್ತಾನಾದರೆ ಬೇಗ ಕೊಡುತ್ತದೆ, ರೇಡನ್‌ನಂಥ ರಂಧ್ರಶಿಲೆಯದು ನಿಧಾನ. ಹಾಗಾಗಿ ಫೆಬ್ರುವರಿ ಕೊನೆಯ ಒಂದು ಕೆಟ್ಟ ಚಳಿ ನವೆಂಬರಿನ ಎರಡು ಚಳಿಗಿಂತ ಅಪಾಯ. 2022-23ರ ಚಳಿಗಾಲ ಅಷ್ಟು ಕಠಿಣವಾಗಿರಲಿಲ್ಲ, ಅದು ಅದೃಷ್ಟ. ಬಳಕೆಯನ್ನು ಶೇ. 15 ಇಳಿಸುವ ಗುರಿಯನ್ನು ಮೀರಿ ಇಳಿಸಿದರು, ಆದರೆ ಅದರಲ್ಲಿ ಉಳಿತಾಯವೆಷ್ಟು, ಗೊಬ್ಬರ ಮತ್ತು ರಾಸಾಯನಿಕ ಕಾರ್ಖಾನೆಗಳು ಬಾಗಿಲು ಹಾಕಿದ್ದೆಷ್ಟು ಎಂದು ಬಿಡಿಸಿ ನೋಡಬೇಕು. ಅಮೋನಿಯಾಕ್ಕೆ ಗ್ಯಾಸ್ ಉರುವಲು ಮಾತ್ರವಲ್ಲ, ಕಚ್ಚಾವಸ್ತುವೂ ಹೌದು.

ವಿಲ್‌ಹೆಲ್ಮ್‌ಸ್‌ಹಾವನ್‌ನಲ್ಲಿ ಜರ್ಮನಿ ಹತ್ತೇ ತಿಂಗಳಲ್ಲಿ ಮೊದಲ ಟರ್ಮಿನಲ್ ನಿಲ್ಲಿಸಿತು (ಡಿಸೆಂಬರ್ 17ರಂದು ಉದ್ಘಾಟನೆ). ಗುಟ್ಟು ಇಷ್ಟೇ: ನೆಲದ ಮೇಲೆ ಕಟ್ಟಲಿಲ್ಲ. ದ್ರವವನ್ನು ಮತ್ತೆ ಅನಿಲ ಮಾಡುವ ಯಂತ್ರಗಳೆಲ್ಲ ಇರುವ ಹಡಗನ್ನೇ ಬಾಡಿಗೆಗೆ ತಂದು ಧಕ್ಕೆಗೆ ಕಟ್ಟಿ, ದಡಕ್ಕೊಂದು ಪೈಪು ಎಳೆದರು. ಹೀಗೆ ಯುರೋಪ್ ಹೆಚ್ಚು ದುಡ್ಡು ಕೊಟ್ಟು ಎಳೆದುಕೊಂಡ ಹಡಗುಗಳಲ್ಲಿ ಕೆಲವು ನಮ್ಮ ಕಡೆಗೆ ಬರಬೇಕಾದವು. ಆ ಬೇಸಿಗೆಯಲ್ಲಿ ಪಾಕಿಸ್ತಾನ ಎಲ್‌ಎನ್‌ಜಿಗೆ ಟೆಂಡರ್ ಕರೆದರೆ ಒಬ್ಬನೂ ಬಿಡ್ ಹಾಕಲಿಲ್ಲ. ಯುರೋಪಿನ ಜಾಣ್ಮೆಯನ್ನು ಹೊಗಳುವವರು ಇದನ್ನೂ ಲೆಕ್ಕಕ್ಕೆ ಸೇರಿಸಬೇಕು.

ತೈಲದ ಕಥೆಯೇ ಬೇರೆ. ತೈಲ ಹಡಗಿನ ಸರಕು. ಒಂದು ಬಂದರು ಬೇಡವೆಂದರೆ ಇನ್ನೊಂದಕ್ಕೆ ಹೋಗುತ್ತದೆ. ರಷ್ಯಾದ ತೈಲವೆಲ್ಲ ಮಾರುಕಟ್ಟೆಯಿಂದ ಮಾಯವಾದರೆ ಜಗತ್ತಿಗೇ ಬೆಲೆ ಏರಿ, ಉಳಿದಷ್ಟನ್ನೇ ಮಾರಿ ರಷ್ಯಾ ಹೆಚ್ಚು ಗಳಿಸಬಹುದು. ಅದಕ್ಕೇ ಜಿ7 ದೇಶಗಳು ಬೆಲೆ ಮಿತಿ ತಂದವು: ಕಚ್ಚಾ ತೈಲ ಬ್ಯಾರೆಲ್‌ಗೆ 60 ಡಾಲರ್ ಅಥವಾ ಕಡಿಮೆಗೆ ಮಾರಿದರೆ ಮಾತ್ರ ನಮ್ಮ ಹಡಗು, ನಮ್ಮ ವಿಮೆ. ಹಿಡಿತ ವಿಮೆಯಲ್ಲಿತ್ತು. ತೈಲ ಸೋರಿ ಸಮುದ್ರ ಕೆಟ್ಟರೆ ಪರಿಹಾರ ಕೊಡುವ ವಿಮೆಯ ಪ್ರಮಾಣಪತ್ರ ಇಲ್ಲದ ಟ್ಯಾಂಕರನ್ನು ಸಾಮಾನ್ಯವಾಗಿ ಬಂದರಿಗೆ ಬಿಡುವುದಿಲ್ಲ, ಮತ್ತು ಜಗತ್ತಿನ ಸಾಗರಯಾನ ಹಡಗುಗಳ ಸುಮಾರು ಶೇ. 90 ಟನ್ನೇಜಿಗೆ ಈ ವಿಮೆ ಕೊಡುವುದು 12 ಕ್ಲಬ್ಬುಗಳ ಒಂದೇ ಕೂಟ, ಅದರ ಕೇಂದ್ರ ಲಂಡನ್.

ಆದರೆ ವಿಮೆ ಕೊಡುವವನಿಗೆ ತೈಲ ಎಷ್ಟಕ್ಕೆ ಮಾರಾಟವಾಯಿತೆಂದು ಗೊತ್ತಿರುವುದಿಲ್ಲ. ಬೆಲೆ ನೇರವಾಗಿ ಗೊತ್ತಿರುವ ವ್ಯಾಪಾರಿ ಬಿಲ್ಲು ಇಟ್ಟುಕೊಳ್ಳಬೇಕು. ಅವನಿಂದ ಹಡಗಿನವನು, ಹಡಗಿನವನಿಂದ ವಿಮೆಯವನು ‘ಮಿತಿಯೊಳಗೇ ಇದೆ’ ಎಂಬ ಬರಹ ಪಡೆಯಬೇಕು. ಮೊದಲ ಕೊಂಡಿ ಸುಳ್ಳು ಹೇಳಿದರೆ ಉಳಿದವರೆಲ್ಲ ನಿರಪರಾಧಿಗಳು. ಮಿತಿ ಇದ್ದದ್ದು ಬಂದರಿನಲ್ಲಿ ಹಡಗಿಗೆ ತುಂಬುವ ದರಕ್ಕೆ, ಸಾಗಣೆ ಮತ್ತು ವಿಮೆ ಬೇರೆ. ಹಾಗಾಗಿ ಬಿಲ್ಲಿನಲ್ಲಿ ತೈಲ 60ರೊಳಗೆ ತೋರಿಸಿ, ಸಾಗಣೆ ವೆಚ್ಚ ಉಬ್ಬಿಸಿದರೆ ಆಯಿತು. ಒಕ್ಕೂಟ 2023ರ ಡಿಸೆಂಬರ್‌ನಲ್ಲಿ ಆ ಖರ್ಚನ್ನೂ ಬಿಡಿಬಿಡಿಯಾಗಿ ತೋರಿಸಿ ಎಂದಿತು. ಇವರು ಚಾಪೆ ಕೆಳಗೆ ತೂರಿದರೆ ಅವರು ರಂಗೋಲಿ ಕೆಳಗೆ: ಹಳೆಯ ಟ್ಯಾಂಕರುಗಳನ್ನು ಕೊಂಡು, ಯಾವುದೋ ದೇಶದ ಬಾವುಟ ಹಾಕಿ, ಪಾಶ್ಚಾತ್ಯ ವಿಮೆಯ ಹಂಗೇ ಇಲ್ಲದ ‘ನೆರಳು ನೌಕಾಪಡೆ’ ಕಟ್ಟಿಕೊಂಡರು. 2025ರ ಸೆಪ್ಟೆಂಬರ್‌ನಲ್ಲಿ ಒಕ್ಕೂಟ ಮಿತಿಯನ್ನು 47.6 ಡಾಲರಿಗೆ ಇಳಿಸಿತು. ನನ್ನ ಮಟ್ಟಿಗೆ ಮಿತಿಯ ಅಂಕಿಗಿಂತ ಆ ಹಡಗುಗಳನ್ನೇ ಹೆಸರು ಹಿಡಿದು ಪಟ್ಟಿಗೆ ಸೇರಿಸುವುದು, ರಷ್ಯಾದ ತೈಲ ಕಂಪನಿಗಳಾದ ರೋಸ್ನೆಫ್ಟ್, ಲುಕೋಯಿಲ್ ಮೇಲೆ 2025ರ ಅಕ್ಟೋಬರ್‌ನಲ್ಲಿ ಅಮೆರಿಕ ಹಾಕಿದಂಥ ನೇರ ನಿರ್ಬಂಧ, ಇವೇ ಹೆಚ್ಚು ತಾಗುತ್ತವೆ.

ಈಗಲೂ ಕೊಳ್ಳುವವರು ಯಾರು? ಕದ್ದುಮುಚ್ಚಿ ಅಲ್ಲ, ರಾಜಾರೋಷವಾಗಿಯೇ. ಹಂಗೇರಿ, ಸ್ಲೊವಾಕಿಯಾಗಳಿಗೆ ಕಡಲಿಲ್ಲ. ರಷ್ಯಾದಿಂದ ಬರುವ ದ್ರುಜ್ಬಾ ಪೈಪಿನ ತೈಲಕ್ಕೆ ನಿರ್ಬಂಧದಲ್ಲೇ ವಿನಾಯಿತಿ ಪಡೆದವು. ಅವರ ರಿಫೈನರಿಗಳು ರಷ್ಯಾದ ಗಂಧಕ ಹೆಚ್ಚಿರುವ ಉರಲ್ಸ್ ತೈಲಕ್ಕೇ ಹೊಂದಿಸಿದವು, ಬದಲಿಸಲು ಖರ್ಚಿದೆ. ಕ್ರೊಯೇಷಿಯಾದ ಕರಾವಳಿಯಿಂದ ಆಡ್ರಿಯಾ ಪೈಪಿದೆ, ಆದ್ದರಿಂದ ‘ಬೇರೆ ದಾರಿಯೇ ಇಲ್ಲ’ ಎಂಬ ಅವರ ಮಾತು ಪೂರ್ತಿ ನಿಜವಲ್ಲ. ಉಕ್ರೇನ್ ಮೂಲಕ ಬರುತ್ತಿದ್ದ ಗ್ಯಾಸ್ ಐದು ವರ್ಷದ ಒಪ್ಪಂದ ಮುಗಿದು 2025ರ ಜನವರಿ 1ರಂದು ನಿಂತಿತು. ಯುದ್ಧ ಮಾಡುತ್ತಲೇ ಎರಡೂ ದೇಶಗಳು ಅದನ್ನು ಅಲ್ಲಿಯವರೆಗೆ ನಡೆಸಿದ್ದವು! ಉಳಿದ ಪೈಪು ಕಪ್ಪು ಸಮುದ್ರದಡಿ ಟರ್ಕಿಗೆ ಬರುವ ಟರ್ಕ್‌ಸ್ಟ್ರೀಮ್. ಸೈಬೀರಿಯಾದ ಯಮಾಲ್‌ನಿಂದ ಎಲ್‌ಎನ್‌ಜಿ ಹಡಗುಗಳೂ ಬರುತ್ತಿದ್ದವು. ದೀರ್ಘಾವಧಿ ಒಪ್ಪಂದಗಳಲ್ಲಿ, ಸರಕು ಎತ್ತಿದರೂ ಬಿಟ್ಟರೂ ಬಹುಪಾಲಿಗೆ ಹಣ ಕೊಡಲೇಬೇಕೆಂಬ ಕಲಮು ಸಾಮಾನ್ಯ, ಕಾನೂನಿನ ನಿಷೇಧ ಇಲ್ಲದೆ ಕಂಪನಿ ತಾನಾಗಿ ಬಿಟ್ಟರೆ ದಂಡ ಅದರ ತಲೆಗೇ. 2025ರ ಅಕ್ಟೋಬರ್‌ನ 19ನೇ ಸುತ್ತಿನ ನಿರ್ಬಂಧಗಳಲ್ಲಿ ದೀರ್ಘಾವಧಿ ಎಲ್‌ಎನ್‌ಜಿಗೆ 2027ರ ಜನವರಿ 1 ಎಂದು ಗಡುವು ಇಟ್ಟರು.

ನಮಗೇನು ಅಂದರೆ, ರಿಯಾಯಿತಿ ತೈಲದ ವಿಚಾರ ಎಲ್ಲರಿಗೂ ಗೊತ್ತು. ಯುದ್ಧಕ್ಕೆ ಮುಂಚೆ ಶೇ. 2 ಸುತ್ತಮುತ್ತ ಇದ್ದ ರಷ್ಯಾದ ಪಾಲು ಭಾರತದ ಕಚ್ಚಾ ತೈಲ ಆಮದಿನಲ್ಲಿ ಮೂರನೇ ಒಂದನ್ನು ದಾಟಿತು. ಮಂಗಳೂರಿನ ಎಂಆರ್‌ಪಿಎಲ್ ಕೂಡ ತರಿಸಿಕೊಂಡ ರಿಫೈನರಿಗಳಲ್ಲೊಂದು. ಅಷ್ಟಾಗಿ ಸುದ್ದಿಯಾಗದ್ದು ಗ್ಯಾಸಿನ ನಷ್ಟ. ದಾಭೋಲ್‌ನಿಂದ ಬೆಂಗಳೂರಿಗೆ ಗ್ಯಾಸ್ ಪೈಪು ತಂದ ನಮ್ಮ ಸರ್ಕಾರಿ ಗ್ಯಾಸ್ ಕಂಪನಿ ಗೇಲ್, ವರ್ಷಕ್ಕೆ ಸುಮಾರು 25 ಲಕ್ಷ ಟನ್ ಎಲ್‌ಎನ್‌ಜಿಗೆ ಗ್ಯಾಜ್‌ಪ್ರೋಮ್‌ನ ಸಿಂಗಪುರ ಕಂಪನಿಯೊಂದಿಗೆ 20 ವರ್ಷದ ಒಪ್ಪಂದ ಮಾಡಿಕೊಂಡಿತ್ತು. ಆ ಕಂಪನಿಯ ಒಡೆತನ ಗ್ಯಾಜ್‌ಪ್ರೋಮ್ ಜರ್ಮೇನಿಯಾದ್ದು. 2022ರ ಏಪ್ರಿಲ್‌ನಲ್ಲಿ ಜರ್ಮನ್ ಸರ್ಕಾರ ಅದನ್ನು ತನ್ನ ಉಸ್ತುವಾರಿಗೆ ತೆಗೆದುಕೊಂಡಿತು (ಈಗಿನ ಹೆಸರು ಸೆಫೆ). ಮೇ ತಿಂಗಳಲ್ಲಿ ರಷ್ಯಾ ಅದೇ ಕಂಪನಿ ಸಮೂಹದ ಮೇಲೆ ಪ್ರತಿನಿರ್ಬಂಧ ಹಾಕಿತು. ಗೇಲ್‌ಗೆ ಬರಬೇಕಾದ ಹಡಗುಗಳು ನಿಂತವು, ಗೊಬ್ಬರ ಕಾರ್ಖಾನೆಗಳೂ ಸೇರಿ ಇಲ್ಲಿನ ಗ್ರಾಹಕರಿಗೆ ಪಡಿತರದಂತೆ ಹಂಚಬೇಕಾಯಿತು. ಒಪ್ಪಂದದಲ್ಲಿ ದಂಡದ ಕಲಮು ಇತ್ತು. ಆದರೆ ಆ ದಂಡ ಕೊಟ್ಟು ಅದೇ ಗ್ಯಾಸನ್ನು ಆಗಿನ ಮಾರುಕಟ್ಟೆಯಲ್ಲಿ ಮಾರಿದರೂ ಲಾಭವಾಗುವಷ್ಟು ಬೆಲೆ ಏರಿದ್ದಾಗ ಅಂಥ ಕಲಮಿಗೆ ಬಲವಿರುವುದಿಲ್ಲ. ಗೇಲ್ ವ್ಯಾಜ್ಯ ಹೂಡಿತು. 2025ರ ಜನವರಿಯಲ್ಲಿ 28.5 ಕೋಟಿ ಡಾಲರಿಗೆ ರಾಜಿಯಾಯಿತು.